ಬೆಳ್ಳಿ ಕಪ್ ಮೇಲಿನ ಅರ್ಧ ಹೆಸರು

ಮಹಾಪುರುಷರಿಗೆಲ್ಲ ಒಂದೊಂದು ವ್ರತವಿರುತ್ತದೆ. ಒಬ್ಬರು ಒಂಟಿಕಾಲಿನ ಮೇಲೆ ನಿಲ್ಲುತ್ತಾರೆ, ಒಬ್ಬರು ಉಪ್ಪು ಬಿಡುತ್ತಾರೆ, ಇನ್ನೊಬ್ಬರು ಮಾತೇ ಬಿಡುತ್ತಾರೆ. ನಮ್ಮ ಬೀದಿಯ ಮಾಸ್ತರು ಕೊನೆಯ ಅಕ್ಷರ ಬಿಟ್ಟವರು.

ಮಾಸ್ತರು ಎಂದರೆ ಪಾಠ ಹೇಳುವವರಲ್ಲ. ಹೆಸರು ಕೊರೆಯುವವರು. ಬಾಗಿಲಿನ ಹಿತ್ತಾಳೆ ಫಲಕ, ಕೈಗಡಿಯಾರದ ಬೆನ್ನು, ನಾಯಿಯ ಕೊರಳಪಟ್ಟಿ, ಓಟದ ಪಂದ್ಯದಲ್ಲಿ ಮೂರನೆಯವರಾಗಿ ಬಂದವರ ಪುಟ್ಟ ಲೋಟ, ಏನು ಕೊಟ್ಟರೂ ಅದರ ಮೇಲೆ ಉಳಿ ಇಟ್ಟು, ಪುಟ್ಟ ಸುತ್ತಿಗೆಯಿಂದ ಟಕ್ ಟಕ್ ಎಂದು ಹೆಸರು ಮೂಡಿಸುತ್ತಾರೆ. ಆದರೆ ಎಂಥ ದೊಡ್ಡ ಮನುಷ್ಯನ ಹೆಸರಾದರೂ ಕೊನೆಯ ಒಂದು ಅಕ್ಷರವನ್ನು ಮಾತ್ರ ಕೊರೆಯದೆ ಇಟ್ಟಿರುತ್ತಾರೆ. ಹೆಸರಿನ ಒಡೆಯನೇ ಖುದ್ದಾಗಿ ಬರಬೇಕು, ಮೇಜಿನ ಎದುರು ನಿಲ್ಲಬೇಕು, “ಹೌದು, ಇದು ನಂದೇ” ಎನ್ನಬೇಕು. ಆಮೇಲೆ ಏಳೆಂಟು ಪೆಟ್ಟು, ಕೆಲಸ ಪೂರ್ತಿ.

ಈ ವ್ರತದಿಂದ ಊರು ಪಟ್ಟ ಪಾಡು ಸಣ್ಣದಲ್ಲ. ಹಲ್ಲಿನ ಡಾಕ್ಟರರು ಪರವೂರಿಗೆ ಹೋಗಿ ಕೂತಾಗ ಅವರ ಫಲಕ ಮೂರು ತಿಂಗಳು ಅರೆಬರೆಯಾಗಿ ಅಂಗಡಿಯ ಗೋಡೆಯಲ್ಲಿ ತೂಗಿತ್ತು. ಒಬ್ಬ ಅಧಿಕಾರಿ ತನಗೆ ಬಡ್ತಿ ಬಂದೇಬಿಟ್ಟಿತೆಂದು ಮೊದಲೇ ಫಲಕ ಮಾಡಿಸಲು ಕೊಟ್ಟಿದ್ದರು. ಬಡ್ತಿ ಪಕ್ಕದ ಕೋಣೆಯವರಿಗೆ ಹೋಯಿತು. ಫಲಕ ಇವತ್ತಿಗೂ ಅಲ್ಲೇ ಇದೆ. ಕಾಲೇಜಿನ ತತ್ತ್ವಶಾಸ್ತ್ರದವರು ಈ ಕೊನೆಯ ಅಕ್ಷರದ ಬಗ್ಗೆ ಒಂದು ಗಂಟೆ ಭಾಷಣ ಮಾಡಿ, ಅಪೂರ್ಣತೆಯೇ ಪೂರ್ಣತೆಯೆಂದು ಸಾಧಿಸಿ ಚಪ್ಪಾಳೆ ಗಿಟ್ಟಿಸಿದರು. ಅವರ ಸ್ವಂತ ಮನೆಯ ಫಲಕ ಎರಡು ವಾರದಿಂದ ಬಾಕಿಯಿತ್ತು, ಅದಕ್ಕೆ ಬಂದು ನಿಲ್ಲಲು ಮಾತ್ರ ಅವರಿಗೆ ಪುರುಸೊತ್ತಾಗಲಿಲ್ಲ.

ಇದರ ಮರ್ಮವೇನೆಂದು ಮಾಸ್ತರನ್ನೇ ಕೇಳಬಹುದಲ್ಲ ಎಂದರೆ, ಕೇಳಿದವರಿದ್ದಾರೆ. ಆದರೆ ಮಾಸ್ತರ ತುಟಿಗಳ ನಡುವೆ ಸದಾ ಎರಡು ಹಿತ್ತಾಳೆ ಸ್ಕ್ರೂಗಳು ಇರುತ್ತವೆ. ಫಲಕ ಮುಗಿದ ಕೂಡಲೇ ಮರದ ಹಲಗೆಗೆ ಬಿಗಿಯಲು ಕೈಗೆಟುಕುವ ಜಾಗ ಬಾಯೇ ಎಂದು ಅವರ ಲೆಕ್ಕ. ಹಾಗಾಗಿ ಅವರ ಮಾತೆಲ್ಲ ‘ಹ್ಞೂಂ’ ಮತ್ತು ‘ಊಹ್ಞೂಂ’ಗಳಲ್ಲಿ ಮುಗಿಯುತ್ತದೆ. ಈ ಎರಡೇ ಶಬ್ದಗಳಲ್ಲಿ ಅವರು ಮೂವತ್ತು ವರ್ಷ ಸಂಸಾರ ಮಾಡಿದ್ದಾರೆ. ಇವುಗಳಲ್ಲಿ ಒಂದನ್ನು ಹೆಂಡತಿಯ ಮಾತಿಗೆ ಉತ್ತರವಾಗಿ ಈವರೆಗೆ ಬಳಸಿಯೇ ಇಲ್ಲ ಎಂದು ಬಲ್ಲವರು ಹೇಳುತ್ತಾರೆ.

ಅವರ ಮೇಜಿನ ಮೇಲೆ ಒಂದು ಹಳೆಯ ಬಾಚಣಿಗೆಯೂ ಇದೆ. ಕಂದು ಬಣ್ಣದ್ದು, ಎರಡು ಹಲ್ಲು ಮುರಿದದ್ದು. ತಲೆ ಬಾಚಲು ಅಲ್ಲ, ಅಳತೆಗೆ. ಫಲಕದ ಮೇಲೆ ಅದನ್ನು ಮಲಗಿಸಿ ನಾಲ್ಕು ಹಲ್ಲಿಗೊಂದು ಅಕ್ಷರದಂತೆ ಗುರುತು ಹಾಕಿಕೊಳ್ಳುತ್ತಾರೆ. ಉಕ್ಕಿನ ಅಳತೆಪಟ್ಟಿ ತಂದುಕೊಟ್ಟವರಿಗೆ ‘ಊಹ್ಞೂಂ’ ಸಿಕ್ಕಿದೆ. ಈ ಬಾಚಣಿಗೆಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಎಲ್ಲದಕ್ಕೂ ಮೂಲ ಇಪ್ಪತ್ತಾರು ವರ್ಷಗಳ ಹಿಂದಿನ ಒಂದು ಫುಟ್‌ಬಾಲ್ ಪಂದ್ಯ.

ಆಗ ಊರಲ್ಲಿ ಎರಡೇ ತಂಡಗಳು, ಉಳಿದವೆಲ್ಲ ಲೆಕ್ಕ ಭರ್ತಿಗೆ. ಒಂದು ಬಟ್ಟೆ ಗಿರಣಿಯವರದು, ಇನ್ನೊಂದು ಬಂದರಿನ ಕೂಲಿಯವರದು. ಇಡೀ ವರ್ಷ ಆಡಿ ಆಡಿ ಇಬ್ಬರೂ ಕೊನೆಯ ಪಂದ್ಯಕ್ಕೆ ಬಂದು ನಿಂತಿದ್ದರು. ಬಂದರಿಗೆ ಗೆಲುವೇ ಬೇಕು. ಗಿರಣಿಗೆ ಸಮ ಆದರೂ ಸಾಕು, ಕಪ್ ಅವರದೇ. ಗಿರಣಿಯ ಗೋಲ್‌ಕೀಪರ್ ಮಾಸ್ತರ ಹೆಂಡತಿಯ ತಮ್ಮ. ಆ ವರ್ಷವೆಲ್ಲ ಅವನನ್ನು ದಾಟಿ ಹೋದ ಚೆಂಡುಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು. ಅದಕ್ಕೇ ಅವನಿಗೆ ‘ಗೋಡೆ’ ಎಂದು ಹೆಸರು. ಎತ್ತರದ ಆಳು, ಅಗಲ ಹೆಗಲು, ಮತ್ತು ಹಣೆಯ ಮೇಲೆ ಅಲೆ ಅಲೆಯಾಗಿ ಬೀಳುವ ಕೂದಲು. ಆ ಕೂದಲಿನ ಮೇಲೆ ಅವನಿಗಿದ್ದ ಪ್ರೀತಿ ಚೆಂಡಿನ ಮೇಲೂ ಇರಲಿಲ್ಲ.

ಅಂದು ಕಪ್ ಕೊಡಲು ಬಂದಿದ್ದ ಮುಖ್ಯ ಅತಿಥಿಗಳಿಗೆ ಬೇಗ ಹೊರಡುವ ಅವಸರ. ಸಂಘದ ಕಾರ್ಯದರ್ಶಿಗೆ ಗೆದ್ದವರ ಹೆಸರು ಕೊರೆದೇ ಕಪ್ ಕೊಡಬೇಕೆಂಬ ಆಸೆ. ಹಾಗಾಗಿ ಮಾಸ್ತರನ್ನು ಉಳಿ ಸುತ್ತಿಗೆ ಸಮೇತ ಮೈದಾನಕ್ಕೇ ಕರೆಸಿದ್ದರು. ನೆರಳಿದ್ದದ್ದು ಒಂದೇ ಕಡೆ, ಗೋಲಿನ ಹಿಂದೆ, ಅಂಕಪಟ್ಟಿಯ ಹಲಗೆಯ ಕೆಳಗೆ. ಅಲ್ಲಿ ಒಂದು ಸ್ಟೂಲು ಹಾಕಿ, ತೊಡೆಯ ಮೇಲೆ ಬೆಳ್ಳಿ ಕಪ್ ಇಟ್ಟುಕೊಂಡು, ಬಾಯಲ್ಲಿ ಪೀಠಕ್ಕೆ ಹಾಕಬೇಕಾದ ಸ್ಕ್ರೂ ಕಚ್ಚಿಕೊಂಡು ಮಾಸ್ತರು ಕುಳಿತಿದ್ದರು. ಎದುರಿಗೆ ಹತ್ತು ಹೆಜ್ಜೆ ದೂರದಲ್ಲಿ ಬೆನ್ನು ಹಾಕಿಕೊಂಡು ಗೋಡೆ ನಿಂತಿತ್ತು. ಆ ಬದಿಗೆ ಬೇರೆ ನರಪಿಳ್ಳೆ ಇರಲಿಲ್ಲ.

ಎರಡು ನಿಮಿಷ ಉಳಿದಿತ್ತು. ಸೊನ್ನೆ ಸೊನ್ನೆ. ಕಾರ್ಯದರ್ಶಿ ಬೆವರು ಒರೆಸಿಕೊಳ್ಳುತ್ತಾ ಓಡಿ ಬಂದರು.

“ಶುರು ಮಾಡಿ ಮಾಸ್ತರೇ. ಗಿರಣಿ ಅಂತ ಹಾಕಿ.”

“ಊಹ್ಞೂಂ.”

“ಅಯ್ಯೋ, ಎರಡು ನಿಮಿಷದಲ್ಲಿ ಏನು ಆಕಾಶ ಕಳಚಿ ಬೀಳುತ್ತಾ? ಅತಿಥಿಗಳು ಚಪ್ಪಲಿ ಹಾಕ್ಕೊಂಡು ಕೂತಿದ್ದಾರೆ ಮಾರಾಯ್ರೇ!”

ಮಾಸ್ತರು ನಿಟ್ಟುಸಿರಿಟ್ಟು ಉಳಿ ಇಟ್ಟರು. ‘ಗಿ’ ಆಯಿತು. ‘ರ’ ಆಯಿತು. ‘ಣಿ’ಗೆ ಉಳಿ ಇಡಬೇಕು, ಅಷ್ಟರಲ್ಲಿ ಮೈದಾನದ ನಡುಮಧ್ಯದಲ್ಲಿ ಬಂದರಿನ ಒಬ್ಬ ಮೂಟೆ ಹೊರುವವನು, ಓಡಿ ಓಡಿ ಸುಸ್ತಾಗಿ, ಚೆಂಡಿನ ಸಹವಾಸವೇ ಸಾಕೆನ್ನುವಂತೆ ಅದನ್ನು ಎತ್ತಿ ಒದ್ದ. ಚೆಂಡು ಆಕಾಶಕ್ಕೆ ಹೋಯಿತು, ಅಲ್ಲಿ ಸ್ವಲ್ಪ ಹೊತ್ತು ಗಾಳಿ ಕುಡಿಯಿತು, ಇಳಿಯಿತು, ಒಂದು ಸಲ ಪುಟಿಯಿತು, ಎರಡನೆಯ ಸಲ ಪುಟಿಯಿತು, ಕರೆಯದೆ ಬಂದ ನೆಂಟನಂತೆ ನಿಧಾನವಾಗಿ ಗೋಲಿನೊಳಗೆ ಹೋಯಿತು. ಅಜ್ಜಿಯರೂ ಹಿಡಿಯಬಹುದಾದ ಚೆಂಡು. ಗೋಡೆ ಅದರತ್ತ ಹಾರಿದ್ದು ಅದು ಬಲೆ ಮುಟ್ಟಿದ ಮೇಲೆ.

ಸೀಟಿ ಊದಿತು. ಬಂದರಿನವರು ಕುಣಿದರು. ಕಪ್ ಮೇಲೆ ‘ಗಿರ’ ಎಂಬ ಅರ್ಧ ಹೆಸರು ಹಾಗೇ ಉಳಿಯಿತು. ಅದರ ಕೆಳಗೆ ಮಾಸ್ತರು ‘ಬಂದರು’ ಎಂದು ಪೂರ್ತಿಯಾಗಿ ಕೊರೆದರು.

ಆ ಅರ್ಧ ಹೆಸರು ಊರಿನ ಬಾಯಿಗೆ ಬಿದ್ದ ಬಗೆಯನ್ನು ಏನು ಹೇಳಲಿ! ಇವತ್ತು ನಮ್ಮಲ್ಲಿ ಇನ್ನೇನು ಆಗಿಯೇ ಹೋಯಿತು ಅನ್ನುವಾಗ ಕೈತಪ್ಪಿದ್ದಕ್ಕೆಲ್ಲ ‘ಗಿರ ಆಯಿತು’ ಎನ್ನುತ್ತಾರೆ. ಸಂಬಂಧ ಗಿರ ಆಗುತ್ತದೆ, ನೌಕರಿ ಗಿರ ಆಗುತ್ತದೆ, ಬಸ್ಸಿನ ಹಿಂದೆ ಓಡಿ ಕಂಬಿ ಸಿಗದಿದ್ದರೆ ಅದೂ ಗಿರವೇ. ಸೀಟಿ ಊದುವ ಮೊದಲು ಮೈದಾನದಿಂದ ಯಾರೂ ಏಳುವುದಿಲ್ಲ. ದರ್ಜಿ ಕೊನೆಯ ಗುಂಡಿಯನ್ನು ಗಿರಾಕಿಯ ಮೈಮೇಲೇ ಹೊಲಿಯುತ್ತಾನೆ. ಹೆರಿಗೆ ಆಸ್ಪತ್ರೆಯ ದಾದಿ, “ಗಂಡೋ ಹೆಣ್ಣೋ?” ಎಂದು ಹೊರಗೆ ಕುಣಿಯುವ ತಾತಂದಿರಿಗೆ, “ಸ್ವಲ್ಪ ತಡೀರಿ, ಗಿರ ಮಾಡ್ಬೇಡಿ” ಎಂದು ಗದರುತ್ತಾಳೆ. ಊರು ಹೀಗೆ ಜ್ಞಾನಿಯಾಯಿತು.

ಆದರೆ ಇಬ್ಬರ ಪಾಲಿಗೆ ಅದು ಬರಿಯ ಮಾತಾಗಿರಲಿಲ್ಲ.

ಪಂದ್ಯದ ಮಾರನೆಯ ಬೆಳಿಗ್ಗೆ ಗಿರಣಿಯ ಗೇಟಿನಲ್ಲಿ ಗೋಡೆಗೆ ಹೊಸ ನಾಮಕರಣ ಕಾದಿತ್ತು. “ಬಾರಪ್ಪಾ ಕಿಟಕಿ!” ಎಂದು ಒಬ್ಬ. “ಗಾಳಿ ಚೆನ್ನಾಗಿ ಬರುತ್ತಾ?” ಎಂದು ಇನ್ನೊಬ್ಬ. ಮಧ್ಯಾಹ್ನದ ಊಟದ ಹೊತ್ತಿಗೆ ನೂಲಿನ ವಿಭಾಗದ ಹೆಂಗಸರೂ ಕಿಟಕಿ ಎನ್ನತೊಡಗಿದರು. ಇಪ್ಪತ್ತಮೂರರ ಹರೆಯದವನು, ಎಷ್ಟೆಂದು ತಡೆದಾನು? ಊಟದ ಡಬ್ಬಿ ಮುಚ್ಚಿ ಎದ್ದು ನಿಂತು ಬಾಯಿಗೆ ಬಂದದ್ದು ಹೇಳಿದ.

“ನನ್ನದೇನು ತಪ್ಪು? ಹಿಂದಿನಿಂದ ಟಕ್ ಟಕ್ ಅಂತ ನಮ್ಮ ಹೆಸರು ಕೊರೆಯೋ ಸದ್ದು. ಮನುಷ್ಯ ಅಂದ್ಮೇಲೆ ತಿರುಗಿ ನೋಡ್ದೇ ಇರ್ತಾನಾ? ನೋಡ್ದೆ. ಕಪ್ ಬಿಸಿಲಿಗೆ ಫಳ್ ಅಂತ ಕಣ್ಣಿಗೆ ಹೊಡೀತು. ಭಾವ ಮುಗಿಯೋ ಮೊದಲೇ ಕೊರೆಯೋಕೆ ಕೂರದೇ ಇದ್ದಿದ್ರೆ ಕಪ್ ನಮ್ದೇ ಆಗ್ತಿತ್ತು!”

ನೆರಳಲ್ಲಿ ಕುಳಿತವನ ತೊಡೆಯ ಮೇಲಿದ್ದ ಕಪ್ ಬಿಸಿಲಿಗೆ ಹೇಗೆ ಹೊಳೆಯಿತೆಂದು ಕೇಳುವಷ್ಟು ವ್ಯವಧಾನ ಗಿರಣಿಯಲ್ಲಿ ಯಾರಿಗೂ ಇರಲಿಲ್ಲ. ಸಂಜೆಯೊಳಗೆ ಅವನು ಮತ್ತೆ ಗೋಡೆಯಾದ. ಮಾಸ್ತರು ಗಿರಣಿಯ ಶತ್ರುವಾದರು. ಎಂಟು ತಿಂಗಳು ಗಿರಣಿಯ ಕಡೆಯಿಂದ ಒಂದು ಕೊರಳಪಟ್ಟಿಯೂ ಅಂಗಡಿಗೆ ಬರಲಿಲ್ಲ. ಬೀದಿಯಲ್ಲಿ ಹೋದರೆ ಬೆನ್ನ ಹಿಂದೆ ಟಕ್ ಟಕ್ ಎಂದು ನಾಲಿಗೆ ಲೊಟಗುಟ್ಟುವ ಸದ್ದು. ಮಾಸ್ತರು ತಿರುಗಿ ನೋಡಲಿಲ್ಲ, ಎದುರು ಮಾತಾಡಲಿಲ್ಲ. ಪಂದ್ಯ ನಡೆದ ತಿಂಗಳಿನಿಂದ ಕೊನೆಯ ಅಕ್ಷರ ಬಿಡಲು ಶುರು ಮಾಡಿದರು, ಅಷ್ಟೇ.

ಇತ್ತ ಭಾವಮೈದುನನಿಗೆ ಬೇರೆಯೇ ಪೀಕಲಾಟ. ಭಾವನಿಂದ ಕಪ್ ಹೋಯಿತೆಂದು ಹೇಳಿಯಾಯಿತು. ಇನ್ನು ಭಾವನ ಮೇಲೆ ಕೋಪವಿಲ್ಲದಿದ್ದರೆ ಕಥೆ ನಿಲ್ಲುವುದಿಲ್ಲ. ಹಾಗಾಗಿ ಕೋಪ ಮಾಡಿಕೊಂಡ. ಬೇರೆಯವರ ಕೋಪ ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಇವನದು ಸಾಕಿದ ಕೋಪ, ದಿನವೂ ಮೇವು ಹಾಕಬೇಕು. ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲವೆಂದು ಪ್ರತಿಜ್ಞೆ ಮಾಡಿದ. ಆದರೆ ಅಕ್ಕನ ಕೈ ಅಡಿಗೆ ಬಿಡಲಾಗದೆ ಪ್ರತಿ ಭಾನುವಾರ ಮಧ್ಯಾಹ್ನ ಅವಳ ಮನೆಗೆ ಬರುತ್ತಿದ್ದ. ಒಂದೇ ಮೇಜಿನಲ್ಲಿ ಭಾವನ ಎದುರೇ ಕೂತು, ಅಕ್ಕನ ಮೂಲಕ ಮಾತಾಡುತ್ತಿದ್ದ.

“ಅಕ್ಕಾ, ಸಾರಿಗೆ ಉಪ್ಪು ಕಮ್ಮಿಯಾಗಿದೆ ಅಂತ ಎದುರಿಗೆ ಕೂತವರಿಗೆ ಅನಿಸಿದ್ರೆ ಉಪ್ಪು ನನ್ನ ಹತ್ರ ಇದೆ ಅಂತ ಹೇಳು.”

“ರೀ, ಉಪ್ಪು ಬೇಕಾ?”

“ಹ್ಞೂಂ.”

“ಬೇಕಂತೆ ಕಣೋ. ಕೈ ಚಾಚಿ ಕೊಡೋಕೆ ನಿನ್ನ ಗಂಟೇನು ಹೋಗುತ್ತೆ?”

ಅವನು ಉಪ್ಪಿನ ಡಬ್ಬಿಯನ್ನು ಅಕ್ಕನಿಗೆ ಕೊಡುತ್ತಿದ್ದ. ಅಕ್ಕ ಗಂಡನಿಗೆ ಕೊಡುತ್ತಿದ್ದಳು. ಇಪ್ಪತ್ತಾರು ವರ್ಷದ ಭಾನುವಾರಗಳಲ್ಲಿ ಆ ಡಬ್ಬಿ ಹಾಗೆ ಮೇಜು ಸುತ್ತಿದ ದೂರ ಕೂಡಿದರೆ ಬಂದರು ಮುಟ್ಟಿ ವಾಪಸು ಬರಬಹುದಿತ್ತು. ಅಕ್ಕನಿಗಿದ್ದದ್ದು ಒಂದೇ ಆಸೆ: ತಾನು ಕಣ್ಣು ಮುಚ್ಚುವ ಮೊದಲು ಒಂದು ಭಾನುವಾರ ಆ ಉಪ್ಪು ನೇರವಾಗಿ ಹೋಗಬೇಕು.

ಗಿರಣಿ ಮುಚ್ಚಿತು. ಗೋಡೆ ಹೆಣ್ಣುಮಕ್ಕಳ ತಂಡಕ್ಕೆ ಗೋಲ್‌ಕೀಪಿಂಗ್ ಕಲಿಸುವ ಗುರುವಾದ. ಚೆನ್ನಾಗಿಯೇ ಕಲಿಸಿದ. ಅವನ ಮೊದಲ ಪಾಠ ಒಂದೇ: “ಸೀಟಿ ಊದೋ ತನಕ ಚೆಂಡು ಬಿಟ್ಟು ಇನ್ನೇನೂ ನೋಡ್ಬೇಡಿ. ಕನ್ನಡಿ ಎದುರಿಗೆ ಬಂದ್ರೂ ನೋಡ್ಬೇಡಿ.” ಕನ್ನಡಿಯ ಮಾತು ಯಾಕೆಂದು ಹುಡುಗಿಯರಿಗೆ ಯಾವತ್ತೂ ಅರ್ಥವಾಗಲಿಲ್ಲ. ಈಗ ಮೊಣಕಾಲು ಸವೆದು, ತಲೆಯೂ ನುಣ್ಣಗಾಗಿ, ಈ ವರ್ಷ ಕೆಲಸ ಬಿಡುತ್ತೇನೆಂದ. ಹುಡುಗಿಯರೆಲ್ಲ ಸೇರಿ ಅಭ್ಯಾಸದ ಮೈದಾನದ ಗೇಟಿಗೆ ಒಂದು ಹಿತ್ತಾಳೆ ಫಲಕ ಹಾಕಲು ತೀರ್ಮಾನಿಸಿದರು. ಅದರ ಮೇಲೆ ಒಂದೇ ಮಾತು: ಗೋಡೆ.

ಊರಲ್ಲಿ ಹೆಸರು ಕೊರೆಯುವವರು ಒಬ್ಬರೇ. ಫಲಕ ಅವರಲ್ಲಿಗೇ ಬಂತು. ಮಾಸ್ತರು ಎಂದಿನಂತೆ ಬಾಚಣಿಗೆ ಮಲಗಿಸಿ ಗುರುತು ಹಾಕಿ ‘ಗೋ’ ಕೊರೆದು ಸುತ್ತಿಗೆ ಕೆಳಗಿಟ್ಟರು. ತಂಡದ ನಾಯಕಿ, ಕಾಲೇಜಿಗೆ ಹೋಗುವ ಚೂಟಿ ಹುಡುಗಿ, ಸೊಂಟಕ್ಕೆ ಕೈಯಿಟ್ಟಳು.

“ಸರ್, ನಾಳೆ ಬೆಳಿಗ್ಗೆ ಕಾರ್ಯಕ್ರಮ. ಈ ಒಂದು ಸಲ ನಿಮ್ಮ ರೂಲ್ಸ್ ಪಕ್ಕಕ್ಕಿಡಿ. ಅವರು ನಿಮ್ಮ ಅಂಗಡಿ ಹತ್ತಲ್ಲ ಅಂತ ಊರಿಗೇ ಗೊತ್ತು.”

“ಊಹ್ಞೂಂ.”

“ಗೇಟಿಗೆ ಬರೀ ‘ಗೋ’ ಅಂತ ಹಾಕೋಕಾಗುತ್ತಾ? ಬಂದವರೆಲ್ಲ ಹೋಗು ಅಂತಿದ್ದಾರೆ ಅಂತ ವಾಪಸ್ ಹೋಗ್ತಾರೆ!”

ಮಾಸ್ತರು ಸೋತು ಹೆಂಡತಿಯ ಮುಖ ನೋಡಿದರು. ಗಂಡನಿಗೆ ಮಧ್ಯಾಹ್ನದ ಡಬ್ಬಿ ತಂದು ಬಾಗಿಲಲ್ಲೇ ನಿಂತಿದ್ದ ಆಕೆಗೆ ದೇವರೇ ಕಣ್ಣು ಬಿಟ್ಟಂತಾಗಿತ್ತು.

“ನೋಡ್ರೀ, ಇಷ್ಟು ವರ್ಷ ನಿಮ್ಮ ಈ ಹುಚ್ಚನ್ನ ಸಹಿಸಿಕೊಂಡಿದ್ದೀನಿ. ಹಲ್ಲಿನ ಡಾಕ್ಟ್ರಿಗೆ ಬಗ್ಗಲಿಲ್ಲ, ಆಫೀಸರಿಗೆ ಬಗ್ಗಲಿಲ್ಲ. ಇವತ್ತು ನನ್ನ ತಮ್ಮನಿಗೆ ಬಗ್ಗಿದ್ರೆ ನಾನು ಸುಮ್ನಿರಲ್ಲ. ಅವನೇ ಬರ್ಲಿ.” ಆಮೇಲೆ ಹುಡುಗಿಯ ಕಡೆ ತಿರುಗಿ, “ಹೋಗಮ್ಮಾ, ನಿಮ್ಮ ಗುರುಗಳಿಗೆ ಹೇಳು. ಬಂದ್ರೆ ಗೋಡೆ. ಬರದಿದ್ರೆ ಗಿರ.”

ಈ ಸುದ್ದಿ ಬೀದಿಯ ತುದಿ ಮುಟ್ಟಲು ಗಾಳಿಯಷ್ಟು ಹೊತ್ತೂ ಬೇಕಾಗಲಿಲ್ಲ. ನಾಲ್ಕು ಗಂಟೆಗೆ ಅಂಗಡಿಯ ಮುಂದೆ ಜಾತ್ರೆ. ದರ್ಜಿ ಸೂಜಿ ಹಿಡಿದೇ ಬಂದ. ತತ್ತ್ವಶಾಸ್ತ್ರದವರು ಫಲಕಕ್ಕೆ ಸಿಗದ ಪುರುಸೊತ್ತನ್ನು ಇದಕ್ಕೆ ಹೊಂದಿಸಿಕೊಂಡು ಬಂದರು. ಹಳೆಯ ಗಿರಣಿಯವರು ಒಂದು ಕಡೆ, ಹಳೆಯ ಬಂದರಿನವರು ಇನ್ನೊಂದು ಕಡೆ, ಪಂದ್ಯ ಇನ್ನೂ ಮುಗಿದಿಲ್ಲವೆಂಬಂತೆ ನಿಂತರು.

ಐದಕ್ಕೆ ಹತ್ತು ನಿಮಿಷವಿರುವಾಗ ಅವನು ಬಂದ. ಬೋಳು ತಲೆ ಬಿಸಿಲಿಗೆ ಹೊಳೆಯುತ್ತಿತ್ತು. ಮೆಟ್ಟಿಲಿರುವುದು ಮೂರೇ. ಮೊದಲನೆಯದರ ಮೇಲೆ ನಿಂತ. ಹಿಂದಿನಿಂದ ಯಾರೋ, “ಮೊಣಕಾಲು ನೋವಾ?” ಎಂದರು. “ಮುಚ್ಚೋ ಬಾಯಿ” ಎಂದು ಎರಡನೆಯದು ಹತ್ತಿದ. ಮೂರನೆಯದನ್ನು ಹತ್ತಿ ಒಳಗೆ ಕಾಲಿಟ್ಟಾಗ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವನು ಮೇಜಿನ ಎದುರು ನಿಂತ. ಫಲಕ ನೋಡಿದ. ಗೋ. ಗಂಟಲು ಸರಿಮಾಡಿಕೊಂಡು, “ಅಕ್ಕಾ, ಇವರಿಗೆ ಹೇಳು, ಹೌದು, ಇದು ನಂ...” ಎನ್ನುವಷ್ಟರಲ್ಲಿ ಅವನ ಕಣ್ಣು ಫಲಕದ ಪಕ್ಕಕ್ಕೆ ಬಿತ್ತು. ಕಂದು ಬಣ್ಣದ್ದು. ಎರಡು ಹಲ್ಲು ಮುರಿದದ್ದು.

ಆಮೇಲೆ ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ, ಅಕ್ಕನನ್ನು ದಾಟಿ, ನೇರವಾಗಿ ಕೇಳಿದ.

“ಭಾವಾ. ಈ ಬಾಚಣಿಗೆ...?”

“ಹ್ಞೂಂ.”

“ಗೋಲಿನ ಹಿಂದೆ ಸಿಕ್ತಾ?”

“ಹ್ಞೂಂ.”

“ಅಂದ್ರೆ ನೀನು ನೋಡ್ದೆ.”

ಮಾಸ್ತರು ಉಳಿಯ ತುದಿಯನ್ನು ಹೆಬ್ಬೆರಳಿಗೆ ಒತ್ತಿ ಹರಿತ ನೋಡುತ್ತಿದ್ದರು.

ಅವನು ಕುರ್ಚಿಯ ಮೇಲೆ ಕುಸಿದು ಕುಳಿತ. ಹೊರಗಿನ ಜನ ಒಬ್ಬರ ಹೆಗಲ ಮೇಲೊಬ್ಬರು ಕತ್ತು ಚಾಚಿದರು. ಸ್ವಲ್ಪ ಹೊತ್ತಿಗೆ ಅವನೇ ಎದ್ದು, ಬಾಚಣಿಗೆ ಕೈಗೆತ್ತಿಕೊಂಡು ಬಾಗಿಲಿಗೆ ಬಂದ. ಹುಡುಗಿಯರ ತಂಡ ಮುಂದಿನ ಸಾಲಿನಲ್ಲೇ ಇತ್ತು. ಅವರನ್ನು ನೋಡಿ ಒಂದು ಗಳಿಗೆ ತಡೆದ, ಆಮೇಲೆ ಬಾಚಣಿಗೆಯನ್ನು ಮೇಲೆತ್ತಿ ಹಿಡಿದ.

“ಕೇಳಿ ಎಲ್ರೂ. ಕಪ್ ಕಣ್ಣಿಗೆ ಹೊಡೀಲೂ ಇಲ್ಲ, ಟಕ್ ಟಕ್ ನನಗೆ ಕೇಳಿಸಲೂ ಇಲ್ಲ. ಎರಡು ನಿಮಿಷ ಇತ್ತು. ಆಮೇಲೆ ಫೋಟೋ ತೆಗೀತಾರಲ್ಲ ಅಂತ ಕಾಲುಚೀಲದಿಂದ ಇದನ್ನ ತೆಗೆದು ತಲೆ ಬಾಚ್ಕೊಳ್ತಿದ್ದೆ. ಬೈತಲೆ ಸರಿಯಾಗಿ ಬಂತು, ಚೆಂಡು ಒಳಗೆ ಹೋಯ್ತು. ಭಾವನದು ಏನೂ ತಪ್ಪಿರಲಿಲ್ಲ. ಹೇಳೋಕೆ ಧೈರ್ಯ ಬರಲಿಲ್ಲ, ಅಷ್ಟೇ.”

ಹಳೆಯ ಬಂದರಿನವರ ಕಡೆಯಿಂದ ಶುರುವಾದ ನಗು ಗಿರಣಿಯವರಿಗೂ ಹಬ್ಬಿ, ಕೊನೆಗೆ ಯಾರದು ಯಾವ ಗುಂಪೆಂದು ಗೊತ್ತಾಗದಂತೆ ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಚೆಂಡು ಒದ್ದಿದ್ದ ಆ ಮೂಟೆಯವನೂ ಅಲ್ಲೇ ಇದ್ದ; “ನಾನು ಗುರಿಯಿಟ್ಟು ಹೊಡೆದೆ ಅಂತ ಇಷ್ಟು ವರ್ಷ ಹೇಳ್ಕೊಂಡು ಬಂದೆನಲ್ಲಪ್ಪಾ!” ಎಂದು ತಲೆ ಮೇಲೆ ಕೈಯಿಟ್ಟುಕೊಂಡ. ನಾಯಕಿ ಮಾತ್ರ ಕಣ್ಣರಳಿಸಿ, “ಸರ್, ಅದಕ್ಕೇನಾ ಕನ್ನಡಿ?” ಎಂದಳು.

ಅವನು ಒಳಗೆ ಬಂದು ಬಾಚಣಿಗೆಯನ್ನು ಮೇಜಿನ ಮೇಲಿಟ್ಟ.

“ನೀನೇ ಇಟ್ಕೋ ಭಾವ. ನನ್ನ ತಲೆಗೆ ಇನ್ನು ಇದರ ಕೆಲಸ ಏನಿದೆ? ಮತ್ತೆ ಆ ಫಲಕದ ಮೇಲೆ ಇರೋದನ್ನ ಅಳಿಸು. ಕಿಟಕಿ ಅಂತ ಹಾಕು. ಅದೇ ನನ್ನ ನಿಜವಾದ ಹೆಸರು.”

“ಊಹ್ಞೂಂ” ಎಂದರು ಮಾಸ್ತರು. ಉಳಿ ಇಟ್ಟರು. ಟಕ್ ಟಕ್ ಟಕ್. ಎಂಟು ಪೆಟ್ಟಿಗೆ ‘ಡೆ’ ಮೂಡಿತು. ಹಿತ್ತಾಳೆಯ ಪುಡಿಯನ್ನು ಊದಿ, ಬಟ್ಟೆಯಿಂದ ಒರೆಸಿ, ಫಲಕವನ್ನು ಭಾವಮೈದುನನ ಕಡೆ ತಿರುಗಿಸಿದರು.

ಅವನು ಅದನ್ನು ಮುಟ್ಟಿ ನೋಡಿದ. ಕಣ್ಣು ತುಂಬಿತ್ತು.

“ಭಾವಾ, ಇಡೀ ಊರು ನಿನ್ನ ಹೆಸರಿಗೆ ಮಸಿ ಬಳೀತು. ಅಂಗಡಿಗೆ ಕೆಲಸ ಬರಲಿಲ್ಲ. ಎದುರಿಗೆ ಕೂತು ನನ್ನ ಕೈಯಿಂದ ಉಪ್ಪು ಕೂಡ ಸಿಗಲಿಲ್ಲ. ಎಲ್ಲಾ ಕಣ್ಣಾರೆ ನೋಡಿದವನು ನೀನೊಬ್ಬನೇ. ಒಂದು ಮಾತು ಹೇಳಿದ್ರೆ ಮುಗಿದು ಹೋಗ್ತಿತ್ತು. ಯಾಕೆ ಹೇಳಲಿಲ್ಲ?”

ಬೀದಿಯೆಲ್ಲ ಕಿವಿಯಾಯಿತು. ಅಕ್ಕ ಡಬ್ಬಿ ಹಿಡಿದು ಒಂದು ಹೆಜ್ಜೆ ಮುಂದೆ ಬಂದಳು. ತತ್ತ್ವಶಾಸ್ತ್ರದವರು ಜೇಬಿನಿಂದ ಕಾಗದ, ಪೆನ್ನು ತೆಗೆದರು.

ಮಾಸ್ತರು ತುಟಿಗಳ ನಡುವಿನಿಂದ ಎರಡೂ ಸ್ಕ್ರೂ ತೆಗೆದು, ಒಂದೊಂದಾಗಿ ಫಲಕದ ಮೂಲೆಗಳಿಗೆ ಬಿಗಿದರು. ಆಮೇಲೆ ಅಂಗೈಯಿಂದ ಬಾಯಿ ಒರೆಸಿಕೊಂಡರು.

“ಹೇಳೋಣ ಅಂತಲೇ ಇದ್ದೆ,” ಎಂದರು. “ಬಾಯಲ್ಲಿ ಸ್ಕ್ರೂ ಇತ್ತು.”